ನಮ್ಮ ಸೆಟ್ಟಿಂಗು ನಮ್ಮ ಫೋನಿನಲ್ಲೇ ಇರಲಿ

ಕಳೆದ ಮಳೆಗಾಲದಲ್ಲಿ ನಮ್ಮ ಹಿರಿಯ ಚಂದಾದಾರರೊಬ್ಬರು ಕಛೇರಿಗೆ ಬಂದು, ತಮ್ಮ ಫೋನನ್ನು ಮೇಜಿನ ಮೇಲಿಟ್ಟು, "ಇದಕ್ಕೆ ಮರೆವಿನ ರೋಗ ಬಂದಿದೆ, ನೋಡಿ" ಎಂದರು. ಅವರಿಗೆ ಎಪ್ಪತ್ತು ದಾಟಿದೆ. ಅಡಿಕೆ ಧಾರಣೆ ತಿಳಿಯಲೆಂದು ಅವರ ಮಗ ಒಂದು ಆ್ಯಪನ್ನು ಹಾಕಿಕೊಟ್ಟು, ಭಾಷೆ ಕನ್ನಡವೆಂದೂ ಅಕ್ಷರ ದೊಡ್ಡದೆಂದೂ ಆರಿಸಿ ಊರು ಬಿಟ್ಟಿದ್ದ. ಪೇಟೆಯಲ್ಲಿರುವ ತನಕ ಎಲ್ಲವೂ ಸರಿ. ಘಟ್ಟದ ಅಂಚಿನ ತಮ್ಮ ಮನೆಗೆ ಹೋದೊಡನೆ ಅದೇ ಆ್ಯಪು ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ತೆರೆದುಕೊಂಡು, 'ಮೊದಲು ಲಾಗಿನ್ ಆಗಿ' ಎಂದು ಅಪ್ಪಣೆ ಮಾಡುತ್ತದೆ. ಹೋದ ವಾರ ನೋಡಿದ್ದ ಧಾರಣೆಯ ಪುಟವನ್ನು ಮತ್ತೆ ನೋಡೋಣವೆಂದರೂ ಅದನ್ನು ಓದಲಾರರು. "ನಾನು ಒಮ್ಮೆ ಹೇಳಿದ್ದನ್ನು ಇದು ಏಕೆ ನೆನಪಿಟ್ಟುಕೊಳ್ಳುವುದಿಲ್ಲ?" ಎಂಬುದು ಅವರ ಪ್ರಶ್ನೆ.

ಆ್ಯಪು ಬರೆಯುವ ಕೆಲಸದಲ್ಲಿರುವ ತರುಣ ಮಿತ್ರರೊಬ್ಬರಿಗೆ ಆ ಫೋನನ್ನು ತೋರಿಸಿದೆವು. ಅರ್ಧ ಗಂಟೆ ಪರೀಕ್ಷಿಸಿ ಅವರು ಹೇಳಿದ್ದಿಷ್ಟು: ಈ ಆ್ಯಪು ಬಳಸುವವನ ಆಯ್ಕೆಗಳನ್ನು ಅವನ ಫೋನಿನಲ್ಲಿ ಬರೆದಿಡುವುದೇ ಇಲ್ಲ. ಕಂಪನಿಯ ಸರ್ವರಿನಲ್ಲಿ ಬರೆದಿಟ್ಟು, ತೆರೆದಾಗಲೆಲ್ಲ ಅಲ್ಲಿಂದ ತರಿಸಿಕೊಳ್ಳುತ್ತದೆ. ಸಿಗ್ನಲ್ ಇಲ್ಲದ ಕಡೆ ತರಿಸಿಕೊಳ್ಳಲಾರದೆ, ಹುಟ್ಟಿದ ದಿನದ ಸ್ಥಿತಿಗೆ ಮರಳುತ್ತದೆ.

ಈ ದಿನದ ಧಾರಣೆ ಬೇಕಾದರೆ ನೆಟ್‌ವರ್ಕು ಬೇಕು. ಅದನ್ನು ನಾವು ಒಪ್ಪುತ್ತೇವೆ. ಆದರೆ ಅಕ್ಷರ ದೊಡ್ಡದಾಗಿರಬೇಕೆಂಬ ಮಾತನ್ನು ನೆನಪಿಡುವುದಕ್ಕೂ ನೆಟ್‌ವರ್ಕು ಬೇಕೇ? ಅಂಗೈಯಲ್ಲಿರುವ ಯಂತ್ರ ಅಂಗೈಯವನ ಮಾತನ್ನು ನೂರಾರು ಮೈಲಿ ದೂರದ ಕಂಪ್ಯೂಟರನ್ನು ಕೇಳಿ ತಿಳಿಯಬೇಕೇ? ಬೇಡವೆಂಬುದೇ ನಮ್ಮ ವಾದ. ಅದನ್ನು ಸ್ವಲ್ಪ ವಿವರವಾಗಿ ವಾಚಕರ ಮುಂದಿಡುವುದು ಅಗತ್ಯವೆಂದು ನಮಗೆ ತೋರಿದೆ.

ಇದೊಂದು ಕ್ಷುಲ್ಲಕ ವಿಷಯ, ವಾರಪತ್ರಿಕೆಯಲ್ಲಿ ಚರ್ಚಿಸತಕ್ಕದ್ದಲ್ಲ, ಎಂದು ಕೆಲವರು ಮೂಗು ಮುರಿಯಬಹುದು. ಬ್ಯಾಂಕು, ಪಡಿತರ, ಬಸ್ಸು, ಶಾಲೆ, ಆಸ್ಪತ್ರೆ, ಕರೆಂಟು ಬಿಲ್ಲು, ಇವೆಲ್ಲ ಇಂದು ಫೋನಿನ ಮೂಲಕವೇ ನಡೆಯುತ್ತಿರುವಾಗ, ಆ ಫೋನು ಬಡವನ ಭಾಷೆಯನ್ನೂ ಮುದುಕರ ಕಣ್ಣನ್ನೂ ನೆನಪಿಟ್ಟುಕೊಳ್ಳುವುದೋ ಇಲ್ಲವೋ ಎಂಬುದು ಕ್ಷುಲ್ಲಕವಲ್ಲ. ಇಂಗ್ಲಿಷು ಬಲ್ಲವನಿಗೆ, ಕಣ್ಣು ಚುರುಕಾಗಿರುವವನಿಗೆ, ದಿನವಿಡೀ ನೆಟ್‌ವರ್ಕಿನಲ್ಲೇ ಇರುವವನಿಗೆ ಸೆಟ್ಟಿಂಗು ಅಳಿಸಿಹೋದರೆ ಅರೆಕ್ಷಣದ ಕಿರಿಕಿರಿ. ಉಳಿದವರಿಗೆ ಅದು ಮುಖದ ಮೇಲೆ ಮುಚ್ಚಿದ ಬಾಗಿಲು.

ವಿದ್ಯೆ ಹೊಸದಲ್ಲ

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ಫೋನಿನಲ್ಲೇ ಆಯ್ಕೆಗಳನ್ನು ಬರೆದಿಡುವುದು ಈಗ ಯಾರೋ ಕಂಡುಹಿಡಿಯಬೇಕಾದ ವಿದ್ಯೆಯಲ್ಲ. ಆಂಡ್ರಾಯ್ಡ್ ೨೦೦೮ರಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲೇ 'ಶೇರ್ಡ್ ಪ್ರಿಫರೆನ್ಸಸ್' ಎಂಬ ಏರ್ಪಾಡು ಇತ್ತು. ಅದೇ ವರ್ಷ ಹೊರಗಿನವರು ಬರೆದ ಆ್ಯಪುಗಳಿಗೆ ಐಫೋನು ಬಾಗಿಲು ತೆರೆದಾಗ, ಅಲ್ಲಿಯೂ 'ಯೂಸರ್ ಡಿಫಾಲ್ಟ್ಸ್' ಎಂಬ ಏರ್ಪಾಡು ಸಿದ್ಧವಾಗಿತ್ತು. ಅದು ಫೋನಿಗಿಂತ ಹಳೆಯದು, ಮೇಜಿನ ಮೇಲಿನ ಕಂಪ್ಯೂಟರುಗಳ ಕಾಲದಿಂದ ಬಂದದ್ದು.

ಎರಡರ ತಿರುಳೂ ಒಂದೇ. ಒಂದು ಹೆಸರು, ಅದರ ಮುಂದೆ ಒಂದು ಬೆಲೆ. 'ಭಾಷೆ' ಎಂಬ ಹೆಸರಿನ ಮುಂದೆ 'ಕೆ', 'ಎನ್' ಎಂಬ ಎರಡು ಅಕ್ಷರ. ಲೋಕದ ಗಣಕ ವ್ಯವಹಾರದಲ್ಲಿ ಕನ್ನಡದ ಗುರುತು ಅಷ್ಟೇ. 'ಅಕ್ಷರದ ಗಾತ್ರ' ಎಂಬುದರ ಮುಂದೆ ೨೪. 'ಗಂಟೆ ಬಾರಿಸಲೇ?' ಎಂಬುದರ ಮುಂದೆ 'ಬೇಡ'. ನಮ್ಮ ಹಳ್ಳಿಯ ಅಂಗಡಿಗಳಲ್ಲಿ ಗಿರಾಕಿಯ ಹೆಸರಿನ ಮುಂದೆ ಬಾಕಿ ಬರೆಯುವ ಪುಸ್ತಕಕ್ಕಿಂತ ಇದು ಹೆಚ್ಚು ಗಹನವಾದುದಲ್ಲ. ಆಂಡ್ರಾಯ್ಡಿನಲ್ಲಿ ಈ ಪಟ್ಟಿ ಒಂದು ಚಿಕ್ಕ ಕಡತವಾಗಿ ಆ ಆ್ಯಪಿಗೇ ಮೀಸಲಾದ ಕೋಣೆಯಲ್ಲಿ ಕುಳಿತಿರುತ್ತದೆ. ಒಬ್ಬ ಮನುಷ್ಯನ ಎಲ್ಲ ಆಯ್ಕೆಗಳನ್ನು ಬರೆದಿಟ್ಟರೂ, ಅವನು ಹಬ್ಬದ ದಿನ ಕಳಿಸುವ ಒಂದು ಚಿತ್ರ ಹಿಡಿಸುವ ಜಾಗದ ಸಣ್ಣ ಪಾಲೂ ಅದಕ್ಕೆ ಬೇಡ.

'ಕೋಣೆ' ಎಂದೆವು, ಅದು ಬರಿಯ ಉಪಮೆಯಲ್ಲ. ಆಂಡ್ರಾಯ್ಡಿನಲ್ಲಿ ಪ್ರತಿಯೊಂದು ಆ್ಯಪನ್ನೂ ಬೇರೆ ಬೇರೆ ಒಕ್ಕಲೆಂದು ಎಣಿಸಿ, ಒಬ್ಬರ ಕೋಣೆಗೆ ಇನ್ನೊಬ್ಬರು ಕೈಹಾಕದಂತೆ ಬೀಗ ಹಾಕಲಾಗಿದೆ. ಮೊದಮೊದಲು ಈ ಕಡತವನ್ನು ಬೇರೆ ಆ್ಯಪುಗಳೂ ಓದಬಹುದೆಂದು ತೆರೆದಿಡುವ ಅವಕಾಶವಿತ್ತು. ಅದರ ಅಪಾಯ ಕಂಡು ೨೦೧೨ರಲ್ಲಿ ಅದನ್ನು ಬಳಸಬಾರದೆಂದು ಸಾರಿದರು. ೨೦೧೬ರ ಏಳನೆಯ ಆವೃತ್ತಿಯಿಂದ ಹಾಗೆ ತೆರೆದಿಡಲು ಹೊರಟ ಹೊಸ ಆ್ಯಪನ್ನು ಯಂತ್ರವೇ ತಡೆಯುತ್ತದೆ. ಆದ್ದರಿಂದ 'ಫೋನಿನಲ್ಲಿಟ್ಟರೆ ಸುರಕ್ಷಿತವಲ್ಲ, ಅದಕ್ಕೇ ನಮ್ಮ ಸರ್ವರಿನಲ್ಲಿಡುತ್ತೇವೆ' ಎಂಬ ಮಾತು, ಅಕ್ಷರದ ಗಾತ್ರದಂಥ ಆಯ್ಕೆಗಳ ಮಟ್ಟಿಗೆ, ನಿಲ್ಲುವಂಥದಲ್ಲ.

ಬರೆಯುವಾಗ ಕರೆಂಟು ಹೋದರೆ, ಬ್ಯಾಟರಿ ಮುಗಿದರೆ, ಎಂದು ಕೇಳಬಹುದು. ಅದನ್ನೂ ಯೋಚಿಸಿಯೇ ಮಾಡಿದ್ದಾರೆ. ಹೊಸದನ್ನು ಬರೆಯುವ ಮುನ್ನ ಹಳೆಯ ಕಡತವನ್ನು ಬೇರೆ ಹೆಸರಿನಲ್ಲಿ ಎತ್ತಿಡುತ್ತಾರೆ; ಬರವಣಿಗೆ ನಡುವೆ ನಿಂತುಹೋದರೆ ಮುಂದಿನ ಬಾರಿ ಹಳೆಯದನ್ನೇ ತಂದು ಕೂರಿಸುತ್ತಾರೆ. ದೊಡ್ಡ ಆ್ಯಪುಗಳಲ್ಲಿ ಈ ಹಳೆಯ ಏರ್ಪಾಡು ಕೆಲವೊಮ್ಮೆ ಪರದೆಯನ್ನು ಸ್ತಬ್ಧಗೊಳಿಸುತ್ತದೆಂಬ ದೂರಿತ್ತು. ಅದನ್ನು ಸರಿಪಡಿಸಲೆಂದೇ 'ಡೇಟಾಸ್ಟೋರ್' ಎಂಬ ಹೊಸ ಏರ್ಪಾಡಿನ ಸ್ಥಿರ ಆವೃತ್ತಿ ೨೦೨೧ರಲ್ಲಿ ಬಂತು; ಹಳೆಯ ಕಡತದಲ್ಲಿರುವುದನ್ನು ಹೊಸದಕ್ಕೆ ಸಾಗಿಸುವ ದಾರಿಯನ್ನೂ ಅದರ ಜೊತೆಗೇ ಕೊಟ್ಟರು. ಸಲಕರಣೆ ಇದೆ, ದಾರಿ ಇದೆ, ಖರ್ಚಿಲ್ಲ. ಹಾಗಿದ್ದ ಮೇಲೆ ನಮ್ಮ ಚಂದಾದಾರರ ಕನ್ನಡ ಘಟ್ಟದ ಅಂಚಿನಲ್ಲಿ ಏಕೆ ಮಾಯವಾಗಬೇಕು?

ಸರ್ವರಿನ ಮೋಹ ಏಕೆ?

ನಮ್ಮ ತರುಣ ಮಿತ್ರರು ಸಂಕೋಚದಿಂದಲೇ ಉತ್ತರ ಕೊಟ್ಟರು. ಬಳಸುವವನ ಆಯ್ಕೆ ಅವನ ಫೋನಿನಲ್ಲೇ ಉಳಿದರೆ, ಅವನು ಲಾಗಿನ್ ಆಗುವ ಅಗತ್ಯ ಬೀಳುವುದಿಲ್ಲ. ಲಾಗಿನ್ ಆಗದಿದ್ದರೆ ಅವನ ಫೋನು ನಂಬರು ಸಿಗುವುದಿಲ್ಲ. ನಂಬರು ಸಿಗದಿದ್ದರೆ, 'ನಮ್ಮಲ್ಲಿ ಇಷ್ಟು ಲಕ್ಷ ನೋಂದಾಯಿತ ಗಿರಾಕಿಗಳಿದ್ದಾರೆ' ಎಂದು ಬಂಡವಾಳ ಹೂಡುವವರಿಗೆ ತೋರಿಸುವುದಕ್ಕಾಗುವುದಿಲ್ಲ. ಜಾಹೀರಾತಿನವರಿಗೆ ಕೊಡುವುದಕ್ಕೂ ಆಗುವುದಿಲ್ಲ. ಆದ್ದರಿಂದ ಅಕ್ಷರ ದೊಡ್ಡದು ಮಾಡಿಕೊಳ್ಳಬೇಕಾದರೂ ಮೊದಲು ಹೆಸರು ಬರೆಸು ಎಂಬ ಕಟ್ಟಳೆ. ಕೊಡುವ ಸೌಕರ್ಯ ಒಂದು ಕಾಳಿನಷ್ಟು, ಪಡೆಯುವ ಕಾಣಿಕೆ ಒಂದು ಮೂಟೆಯಷ್ಟು.

ಎಲ್ಲ ಆ್ಯಪುಗಳೂ ಹೀಗೆಯೇ ಎಂದು ನಾವು ಹೇಳುತ್ತಿಲ್ಲ. ದುರುದ್ದೇಶವಿಲ್ಲದೆ, ಬರಿಯ ರೂಢಿಯಿಂದ ಹೀಗೆ ಮಾಡುವವರೂ ಉಂಟು. ಪಟ್ಟಣದಲ್ಲಿ ಕುಳಿತು ಆ್ಯಪು ಬರೆಯುವವನ ಮೇಜಿನ ಮೇಲೆ ನೆಟ್‌ವರ್ಕು ಎಂದೂ ಕಡಿದುಹೋಗುವುದಿಲ್ಲ. ಕಡಿದುಹೋದಾಗ ಏನಾಗುತ್ತದೆಂದು ಅವನು ನೋಡಿಯೇ ಇರುವುದಿಲ್ಲ. ೨೦೨೦ ಮತ್ತು ೨೦೨೧ರ ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ, ಪ್ಲಾಸ್ಟಿಕ್ಕಿನ ಸೂರು ಕಟ್ಟಿ ಕುಳಿತದ್ದನ್ನು ಕನ್ನಡದ ಪತ್ರಿಕೆಗಳೆಲ್ಲ ಬರೆದವು. ಆ ಗುಡ್ಡದಿಂದ ಇಳಿದೊಡನೆ ತನ್ನ ಆಯ್ಕೆಯನ್ನೇ ಮರೆಯುವ ಆ್ಯಪು, ಆ ಮಗುವಿಗಾಗಿ ಬರೆದದ್ದಲ್ಲ. ಬರೆದವನನ್ನು ಬೈದು ಫಲವಿಲ್ಲ. ಅವನೂ ಗಡುವಿನ ಕೆಳಗೆ ದುಡಿಯುವ ಕೂಲಿಯೇ. ಏನು ಎಲ್ಲಿರಬೇಕೆಂದು ತೀರ್ಮಾನಿಸುವವರು ಬರೆಸುವವರು.

ಇನ್ನೊಂದು ವಿಚಿತ್ರವನ್ನು ನಾವೇ ಕಂಡಿದ್ದೇವೆ. ಜಾಹೀರಾತಿನ ಗಂಟೆ ಬೇಡವೆಂದು ನಮ್ಮ ಕಛೇರಿಯ ಫೋನಿನಲ್ಲಿ ಒಂದು ಆ್ಯಪಿಗೆ ಮೂರು ಬಾರಿ ಹೇಳಿದ್ದೆವು. ಆ್ಯಪು ಹೊಸದಾದಾಗಲೆಲ್ಲ ಗಂಟೆ ಮತ್ತೆ ಬಾರಿಸತೊಡಗುತ್ತದೆ. ನಮ್ಮ ಹೆಸರು, ನಂಬರು, ನಾವು ಹಿಂದೆ 'ಹೂಂ' ಎಂದ ಷರತ್ತುಗಳು ಯಾವುದೂ ಅದಕ್ಕೆ ಮರೆತಿಲ್ಲ. 'ಊಹೂಂ' ಎಂದದ್ದು ಮಾತ್ರ ಮರೆಯುತ್ತದೆ. ಇಂಥ ಆಯ್ದ ಮರೆವನ್ನು ಯಂತ್ರದ ದೋಷವೆಂದು ಒಪ್ಪಲು ನಮಗೆ ಮನಸ್ಸು ಬಾರದು.

ಸೆಟ್ಟಿಂಗೂ ಒಂದು ಗುಟ್ಟೇ

'ಅಕ್ಷರದ ಗಾತ್ರ ಕಂಪನಿಗೆ ತಿಳಿದರೆ ನಿಮಗೇನು ನಷ್ಟ?' ಎಂದು ಕೇಳುವವರಿದ್ದಾರೆ. ಒಂದೊಂದಾಗಿ ನೋಡಿದರೆ ನಷ್ಟವಿಲ್ಲವೆಂದೇ ತೋರುತ್ತದೆ. ಒಟ್ಟಾಗಿ ನೋಡಿ. ಅಕ್ಷರ ದೊಡ್ಡದಿದ್ದರೆ ಕಣ್ಣು ಮಂದ, ಬಹುಶಃ ವಯಸ್ಸಾಗಿದೆ. ಭಾಷೆ ಯಾವುದೆಂಬುದರಿಂದ ಮನೆಮಾತು ತಿಳಿಯುತ್ತದೆ. ರಾತ್ರಿ ಒಂಬತ್ತರಿಂದ ಬೆಳಗಿನ ನಾಲ್ಕರ ತನಕ ಸದ್ದು ಬೇಡವೆಂದಿದ್ದರೆ ಮಲಗುವ ಹೊತ್ತೂ ಏಳುವ ಹೊತ್ತೂ ತಿಳಿಯುತ್ತದೆ. ಪ್ರಾರ್ಥನೆಯ ವೇಳೆಗೆ ಜ್ಞಾಪಿಸೆಂದಿದ್ದರೆ ಮತ ತಿಳಿಯುತ್ತದೆ. ದಿನಕ್ಕೆ ಎರಡು ಬಾರಿ ಮಾತ್ರೆ ಜ್ಞಾಪಿಸೆಂದಿದ್ದರೆ ಕಾಯಿಲೆಯ ಸುಳಿವು ಸಿಗುತ್ತದೆ. ಹೆಸರು ಊರು ಕೇಳದೆಯೇ ಮನುಷ್ಯನ ಒಂದು ಚಿತ್ರ ಬರೆದಾಯಿತು. ಹೆಸರೂ ನಂಬರೂ ಅದರ ಜೊತೆಗೆ ಸೇರಿದರೆ ಇನ್ನು ಉಳಿದದ್ದೇನು?

ಇದು ನಮ್ಮ ಕಲ್ಪನೆಯ ಭಯವಲ್ಲ. ಆ್ಯಪಲ್ ಕಂಪನಿ ೨೦೨೪ರ ಮೇ ತಿಂಗಳಿಂದ, ತನ್ನ ಅಂಗಡಿಗೆ ಬರುವ ಆ್ಯಪುಗಳು ಮೇಲೆ ಹೇಳಿದ 'ಯೂಸರ್ ಡಿಫಾಲ್ಟ್ಸ್' ಅನ್ನು ಬಳಸುವುದಿದ್ದರೆ ಏಕೆ ಬಳಸುತ್ತೇವೆಂದು ಮೊದಲೇ ಕಾರಣ ಬರೆದುಕೊಡಬೇಕೆಂದು ವಿಧಿಸಿದೆ. ಇಂಥ ಸಣ್ಣ ಸಣ್ಣ ಗುರುತುಗಳನ್ನು ಕೂಡಿಸಿ, ಹೆಬ್ಬೆಟ್ಟಿನ ಗುರುತಿನಂತೆ, ಒಂದು ಫೋನನ್ನು ಎಲ್ಲಿ ಕಂಡರೂ ಪತ್ತೆಹಚ್ಚುವ ಅಭ್ಯಾಸ ಬೆಳೆದಿರುವುದೇ ಆ ವಿಧಿಗೆ ಕಾರಣ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಬಳಿಕ ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಬಂತು. ೨೦೨೫ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಆ ಕಾನೂನಿನ ಆರನೆಯ ಕಲಮಿನಲ್ಲಿ ಒಂದು ಉದಾಹರಣೆಯನ್ನೇ ಕೊಟ್ಟಿದ್ದಾರೆ: ದೂರದಿಂದ ವೈದ್ಯಸಲಹೆ ಕೊಡುವ ಆ್ಯಪೊಂದು, ಬಳಸುವವಳ ಫೋನಿನಲ್ಲಿರುವ ನಂಟರಿಷ್ಟರ ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ; ಅವಳು ಎರಡಕ್ಕೂ ಒಪ್ಪುತ್ತಾಳೆ. ಆದರೂ ವೈದ್ಯಸಲಹೆಗೆ ಆ ಪಟ್ಟಿ ಅಗತ್ಯವಿಲ್ಲದ್ದರಿಂದ, ಅವಳ ಒಪ್ಪಿಗೆ ವೈದ್ಯಸಲಹೆಗೆ ಬೇಕಾದಷ್ಟಕ್ಕೆ ಮಾತ್ರ ಎಂದೇ ಕಾನೂನು ಎಣಿಸುತ್ತದೆ. ಅದೇ ಅಳತೆಗೋಲನ್ನು ಇಲ್ಲಿಯೂ ಇಟ್ಟು ನೋಡೋಣ. ಅಕ್ಷರ ದೊಡ್ಡದು ಮಾಡುವುದಕ್ಕೆ ನಮ್ಮ ನಂಬರು ಅಗತ್ಯವೇ?

ಎರಡು ಆಕ್ಷೇಪಣೆಗಳು

ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಮೊದಲನೆಯ ಆಕ್ಷೇಪಣೆ: ಫೋನು ಕಳೆದುಹೋದರೆ, ನೀರಿಗೆ ಬಿದ್ದರೆ, ಹೊಸದು ಕೊಂಡರೆ, ಅದರಲ್ಲಿದ್ದ ಸೆಟ್ಟಿಂಗುಗಳೆಲ್ಲ ಅದರ ಜೊತೆಗೇ ಹೋದಂತೆ. ಇದು ಸತ್ಯ. ಆ್ಯಪನ್ನು ತೆಗೆದುಹಾಕಿದರೂ ಅದರ ಕೋಣೆಯನ್ನು ಯಂತ್ರ ಗುಡಿಸಿ ಸ್ವಚ್ಛ ಮಾಡುತ್ತದೆ. ಆದರೆ ಇದಕ್ಕೂ ಏರ್ಪಾಡು ಇದೆ. ಆಂಡ್ರಾಯ್ಡು ೨೦೧೫ರ ಆರನೆಯ ಆವೃತ್ತಿಯಿಂದ, ಬಳಸುವವನು ಒಪ್ಪಿ ಬ್ಯಾಕಪ್ ತೆರೆದಿಟ್ಟಿದ್ದರೆ, ಆ್ಯಪಿನ ಸೆಟ್ಟಿಂಗುಗಳ ನಕಲನ್ನು ಅವನ ಸ್ವಂತ ಗೂಗಲ್ ಖಾತೆಯಲ್ಲಿ ಇಡುತ್ತದೆ. ಒಂದು ಆ್ಯಪಿಗೆ ೨೫ ಮೆಗಾಬೈಟಿನ ತನಕ ಜಾಗ. ಐಫೋನಿನಲ್ಲಿಯೂ ೨೦೧೧ರಿಂದ ಐಕ್ಲೌಡಿನ ಮೂಲಕ ಒಂದು ಮೆಗಾಬೈಟಿನಷ್ಟು ಸಣ್ಣ ಆಯ್ಕೆಗಳನ್ನು ಒಬ್ಬನದೇ ಬೇರೆ ಬೇರೆ ಯಂತ್ರಗಳ ನಡುವೆ ಸಾಗಿಸಬಹುದು. ಇವೂ ದೊಡ್ಡ ಕಂಪನಿಗಳ ಉಗ್ರಾಣಗಳೇ. ಅವನ್ನು ನಾವು ದೇವಾಲಯವೆಂದು ಹೊಗಳುತ್ತಿಲ್ಲ. ಅವನ್ನೂ ಬೇಡವೆನ್ನುವವನಿಗೆ, ಸೆಟ್ಟಿಂಗುಗಳನ್ನು ಒಂದು ಕಡತವಾಗಿ ಹೊರತೆಗೆದು ಹೊಸ ಫೋನಿಗೆ ಹಾಕಿಕೊಳ್ಳುವ ಗುಂಡಿಯೊಂದನ್ನು ಆ್ಯಪಿನಲ್ಲೇ ಇಡಬಹುದು. ಮುಕ್ತ ತಂತ್ರಾಂಶದ ಹಲವು ಆ್ಯಪುಗಳು ಇಟ್ಟಿವೆ.

ಎರಡನೆಯ ಆಕ್ಷೇಪಣೆ: ಒಬ್ಬನೇ ಮನುಷ್ಯ ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಬಳಸಿದರೆ ಎರಡೂ ಕಡೆ ಒಂದೇ ಆಯ್ಕೆ ಇರಬೇಡವೇ? ಬೇಕಾದವರಿಗೆ ಇರಲಿ. ಅದಕ್ಕೆ ಸರ್ವರಿನಲ್ಲಿ ಒಂದು ನಕಲಿರಲಿ. ನಮ್ಮ ವಿರೋಧ ನಕಲಿಗಲ್ಲ. ಅಂಗಡಿಯವನ ಬಳಿ ದೊಡ್ಡ ಪುಸ್ತಕವಿದ್ದರೂ ಗಿರಾಕಿಯ ಬಳಿ ಅವನದೇ ಕೈಪುಸ್ತಕವಿರುತ್ತದೆ. ಅಂಗಡಿ ಮುಚ್ಚಿದ ದಿನವೂ ತನ್ನ ಲೆಕ್ಕವನ್ನು ಅವನು ಓದಬಲ್ಲ. ಹಾಗೆಯೇ ಆ್ಯಪು ತೆರೆದಾಗ ಮೊದಲು ಫೋನಿನಲ್ಲಿರುವುದನ್ನು ಓದಲಿ, ಅದರಂತೆ ನಡೆಯಲಿ. ನೆಟ್‌ವರ್ಕು ಸಿಕ್ಕಾಗ, ಯಜಮಾನ ಒಪ್ಪಿದ್ದರೆ, ನಕಲನ್ನು ಸರಿದೂಗಿಸಲಿ. ಮೂಲ ಜೇಬಿನಲ್ಲಿ, ನಕಲು ಸರ್ವರಿನಲ್ಲಿ. ಈ ಕ್ರಮ ಇಂದು ತಲೆಕೆಳಗಾಗಿದೆ ಎಂಬುದೇ ನಮ್ಮ ದೂರು.

ಈ ಮಾತನ್ನು ನಾವೊಬ್ಬರೇ ಆಡುತ್ತಿಲ್ಲ. ೨೦೧೯ರಲ್ಲಿ 'ಇಂಕ್ ಅಂಡ್ ಸ್ವಿಚ್' ಎಂಬ ಸಂಶೋಧನಾ ಕೇಂದ್ರದಿಂದ ಮಾರ್ಟಿನ್ ಕ್ಲೆಪ್‌ಮನ್ ಮತ್ತು ಅವರ ಸಂಗಡಿಗರು ಬರೆದ ಪ್ರಬಂಧವೊಂದು 'ಲೋಕಲ್ ಫಸ್ಟ್' ಎಂಬ ಹೆಸರಿನಲ್ಲಿ ಇದೇ ತತ್ವವನ್ನು ಮಂಡಿಸಿತು. ಅವರು ಸೆಟ್ಟಿಂಗುಗಳಿಗಷ್ಟೇ ನಿಲ್ಲದೆ, ಮನುಷ್ಯ ಬರೆದ ಪತ್ರ, ಲೆಕ್ಕ, ಚಿತ್ರ ಎಲ್ಲಕ್ಕೂ ಮೂಲಪ್ರತಿ ಅವನ ಯಂತ್ರದಲ್ಲೇ ಇರಬೇಕೆಂದರು. ಅಷ್ಟು ದೊಡ್ಡ ಕೆಲಸ ಕಷ್ಟದ್ದೆಂಬುದು ನಿಜ. ಸೆಟ್ಟಿಂಗಿನ ಮಟ್ಟಿಗೆ ಅಂಥ ಕಷ್ಟವೇನೂ ಇಲ್ಲ.

ಫೋನಿನಲ್ಲಿಟ್ಟ ಮಾತ್ರಕ್ಕೆ ಮುಗಿಯಲಿಲ್ಲ

ಹಾಗೆಂದು ಫೋನಿನಲ್ಲಿಟ್ಟೊಡನೆ ರಾಮರಾಜ್ಯ ಬಂತೆಂದು ಯಾರೂ ತಿಳಿಯಬಾರದು. ಇಡುವುದರಲ್ಲಿಯೂ ಕ್ರಮವಿದೆ.

ಕೆಲವರು ಸೆಟ್ಟಿಂಗನ್ನು ತಾತ್ಕಾಲಿಕ ಸಾಮಾನು ಇಡುವ 'ಕ್ಯಾಶ್' ಎಂಬ ಮೂಲೆಯಲ್ಲಿ ಇಟ್ಟುಬಿಡುತ್ತಾರೆ. ಫೋನಿನಲ್ಲಿ ಜಾಗ ಕಡಿಮೆಯಾದಾಗ ಯಂತ್ರ ತಾನಾಗಿಯೇ ಆ ಮೂಲೆಯನ್ನು ಗುಡಿಸುತ್ತದೆ. ಅಗ್ಗದ ಫೋನಿನಲ್ಲಿ ಜಾಗ ಯಾವಾಗಲೂ ಕಡಿಮೆಯೇ. ಆದ್ದರಿಂದ ಇದರ ಪೆಟ್ಟೂ ಬಡವನಿಗೇ ಮೊದಲು. ಪೇಟೆಯ ಮೊಬೈಲ್ ಅಂಗಡಿಯ ಹುಡುಗರು 'ಫೋನು ನಿಧಾನವಾಗಿದೆ' ಎಂದವರಿಗೆ ಕ್ಯಾಶನ್ನು ಅಳಿಸುವ ಬದಲು ಆ್ಯಪಿನ ಇಡೀ ಸ್ಟೋರೇಜನ್ನೇ ಅಳಿಸಿಕೊಡುವುದೂ ಉಂಟು. ಮೊದಲನೆಯದು ಕಸ ಗುಡಿಸಿದಂತೆ. ಎರಡನೆಯದು ಪೆಟ್ಟಿಗೆಯನ್ನೇ ಹೊರಗೆ ಸುರಿದಂತೆ. ವಾಚಕರು ಈ ಭೇದವನ್ನು ನೆನಪಿಡುವುದು ಒಳ್ಳೆಯದು.

ಇನ್ನು ಕೆಲವರು ಆ್ಯಪನ್ನು ಹೊಸದು ಮಾಡುವಾಗ ಹಳೆಯ ಹೆಸರನ್ನು ಬದಲಿಸುತ್ತಾರೆ. ಹಿಂದೆ ಅಕ್ಷರದ ಗಾತ್ರವನ್ನು ೨೪ ಎಂಬ ಅಂಕಿಯಾಗಿ ಬರೆದಿದ್ದರು; ಈಗ 'ದೊಡ್ಡದು' ಎಂಬ ಪದವಾಗಿ ಓದಹೊರಟರು. ಪದ ಬೇಕೆಂದ ಕಡೆ ಅಂಕಿ ಸಿಕ್ಕಿದರೆ ಆಂಡ್ರಾಯ್ಡಿನಲ್ಲಿ ಆ್ಯಪು ಅಲ್ಲೇ ಕುಸಿದುಬೀಳುತ್ತದೆ. ಹಳೆಯದನ್ನು ಹೊಸದಕ್ಕೆ ಹೊಂದಿಸುವ ನಾಲ್ಕು ಸಾಲು ಬರೆಯದ ಸೋಮಾರಿತನಕ್ಕೆ, ವರ್ಷಗಳಿಂದ ಬಳಸುತ್ತಿದ್ದ ನಿಷ್ಠಾವಂತ ಗಿರಾಕಿಯೇ ಬಲಿ; ಹೊಸದಾಗಿ ಬಂದವನಿಗೆ ಏನೂ ಆಗುವುದಿಲ್ಲ.

ಪಾಸ್‌ವರ್ಡು, ಬ್ಯಾಂಕಿನ ಗುಟ್ಟು, ಲಾಗಿನ್ನಿನ ಚೀಟಿ ಇವನ್ನು ಸೆಟ್ಟಿಂಗಿನ ಪಟ್ಟಿಯಲ್ಲಿ ತೆರೆದ ಅಕ್ಷರಗಳಲ್ಲಿ ಬರೆದಿಡುವುದು ಮತ್ತೊಂದು ಅಪರಾಧ. ಗೋಡೆಯ ಮೊಳೆಗೆ ಪಂಚಾಂಗ ತೂಗುಹಾಕಬಹುದು; ಒಡವೆಯನ್ನು ಹಾಕುವುದಿಲ್ಲ. ಒಡವೆಗೆಂದೇ ಐಫೋನಿನಲ್ಲಿ 'ಕೀಚೈನ್' ಇದೆ, ಆಂಡ್ರಾಯ್ಡಿನಲ್ಲಿ 'ಕೀಸ್ಟೋರ್' ಇದೆ. ಅವುಗಳನ್ನು ಬಳಸದೆ, ಬಳಿಕ 'ಫೋನಿನಲ್ಲಿಟ್ಟದ್ದೇ ತಪ್ಪಾಯಿತು' ಎನ್ನುವುದು ಕುಣಿಯಲಾರದವಳು ನೆಲ ಡೊಂಕೆಂದಂತೆ.

ಕೊನೆಯದಾಗಿ, ನಮ್ಮ ಮನೆಗಳಲ್ಲಿ ಒಂದು ಫೋನು ಒಬ್ಬರದಲ್ಲ. ಬೆಳಿಗ್ಗೆ ಅಜ್ಜ ಧಾರಣೆ ನೋಡುತ್ತಾನೆ, ಮಧ್ಯಾಹ್ನ ಸೊಸೆ ಸಂಘದ ಲೆಕ್ಕ ನೋಡುತ್ತಾಳೆ, ಸಂಜೆ ಮೊಮ್ಮಗಳು ಪಾಠ ಓದುತ್ತಾಳೆ. ಅಜ್ಜನಿಗೆ ದೊಡ್ಡ ಅಕ್ಷರ, ಮೊಮ್ಮಗಳಿಗೆ ಇಂಗ್ಲಿಷು. ಒಬ್ಬರ ಆಯ್ಕೆ ಇನ್ನೊಬ್ಬರ ಮೇಲೆ ಬೀಳದಂತೆ, ಒಂದೇ ಆ್ಯಪಿನೊಳಗೆ ಎರಡು ಮೂರು ಹೆಸರಿನಲ್ಲಿ ಸೆಟ್ಟಿಂಗು ಇಡುವುದು ಸಾಧ್ಯ. ಹೆಸರಿಗೊಂದು ಕಡತ ಮಾಡಿದರಾಯಿತು. ಇದಕ್ಕೂ ಲಾಗಿನ್ ಬೇಡ, ನಂಬರು ಬೇಡ, 'ಅಜ್ಜ' ಎಂಬ ಒಂದು ಗುಂಡಿ ಸಾಕು. ಫೋನು ಎಂದರೆ ಒಬ್ಬನೇ ಒಡೆಯ ಎಂದು ಎಣಿಸಿ ಬರೆದ ಆ್ಯಪುಗಳಿಗೆ ನಮ್ಮ ಮನೆಯ ಪರಿಚಯವಿಲ್ಲ.

ನಮ್ಮ ಬೇಡಿಕೆ

ಇಷ್ಟೆಲ್ಲ ಹೇಳಿದ ಮೇಲೆ ನಾವು ಕೇಳುವುದೇನೆಂದು ಸ್ಪಷ್ಟಪಡಿಸಬೇಕು.

ಒಂದು: ಭಾಷೆ, ಅಕ್ಷರದ ಗಾತ್ರ, ಬಣ್ಣ, ಸದ್ದು, ಜ್ಞಾಪನೆ, ಇಂಥ ಆಯ್ಕೆಗಳ ಮೂಲ ಬಳಸುವವನ ಫೋನಿನಲ್ಲೇ ಇರಬೇಕು, ನೆಟ್‌ವರ್ಕು ಇಲ್ಲದಾಗಲೂ ಆ್ಯಪು ಅವುಗಳಂತೆಯೇ ನಡೆಯಬೇಕು.

ಎರಡು: ಇವುಗಳಿಗಾಗಿ ಲಾಗಿನ್ನನ್ನು ಕಡ್ಡಾಯ ಮಾಡಬಾರದು. ಸರ್ವರಿನಲ್ಲಿ ನಕಲು ಇಡುವುದಾದರೆ ಕೇಳಿ ಇಡಬೇಕು, ಬೇಡವೆಂದಾಗ ಅಳಿಸಬೇಕು.

ಮೂರು: 'ಬೇಡ' ಎಂಬ ಆಯ್ಕೆಯನ್ನು 'ಬೇಕು' ಎಂಬುದರಷ್ಟೇ ನಿಷ್ಠೆಯಿಂದ ಕಾಯಬೇಕು. ಆ್ಯಪು ಹೊಸದಾದ ನೆಪದಲ್ಲಿ ಅದನ್ನು ಮರೆಯಬಾರದು.

ನಾಲ್ಕು: ತನ್ನ ಸೆಟ್ಟಿಂಗುಗಳನ್ನು ಹೊರತೆಗೆದು ಇನ್ನೊಂದು ಫೋನಿಗೆ ಒಯ್ಯುವ ಅವಕಾಶ ಬಳಸುವವನಿಗಿರಬೇಕು.

ಐದು: ಸರ್ಕಾರ ಜನರ ತೆರಿಗೆಯ ಹಣದಿಂದ ಬರೆಯಿಸುವ ಆ್ಯಪುಗಳಲ್ಲಿ ಈ ನಾಲ್ಕೂ ಮೊದಲು ಜಾರಿಗೆ ಬರಬೇಕು. ಟೆಂಡರಿನ ಷರತ್ತಿನಲ್ಲಿ ಇದನ್ನು ಬರೆಯುವುದಕ್ಕೆ ಒಂದು ಪುಟದ ಕಾಗದ ಸಾಕು. ಖಾಸಗಿಯವರಿಗೆ ಬುದ್ಧಿ ಹೇಳುವ ಮೊದಲು ಸರ್ಕಾರ ತನ್ನ ಮನೆಯನ್ನು ಸರಿಮಾಡಿಕೊಳ್ಳಲಿ.

ಬೇಡಿಕೆ ಮಂಡಿಸಿ ಕೈಕಟ್ಟಿ ಕುಳಿತರೆ ಯಾವುದೂ ಆಗುವುದಿಲ್ಲವೆಂಬುದು ನಮಗೂ ಗೊತ್ತು. ಆದ್ದರಿಂದ ವಾಚಕರಲ್ಲಿ ಒಂದು ಅರಿಕೆ. ಈ ವಾರವೇ ನಿಮ್ಮ ಫೋನನ್ನು ಪರೀಕ್ಷಿಸಿ ನೋಡಿ. ನೀವು ದಿನವೂ ಬಳಸುವ ಆ್ಯಪಿನಲ್ಲಿ ಕನ್ನಡವನ್ನೂ ದೊಡ್ಡ ಅಕ್ಷರವನ್ನೂ ಆರಿಸಿ. ಆ್ಯಪನ್ನು ಪೂರ್ತಿ ಮುಚ್ಚಿ. ಫೋನಿನಲ್ಲಿರುವ ವಿಮಾನದ ಗುರುತನ್ನು ಒತ್ತಿ, ನೆಟ್‌ವರ್ಕನ್ನು ಕಡಿದುಹಾಕಿ. ಬಳಿಕ ಅದೇ ಆ್ಯಪನ್ನು ಮತ್ತೆ ತೆರೆಯಿರಿ. ಕನ್ನಡ ಉಳಿದಿದೆಯೇ? ಅಕ್ಷರ ದೊಡ್ಡದಾಗಿಯೇ ಇದೆಯೇ? ಇದ್ದರೆ ಅದನ್ನು ಬರೆದವರು ನಿಮ್ಮನ್ನು ನೆನೆದು ಬರೆದಿದ್ದಾರೆ. ಅಂಗಡಿಯ ಪುಟದಲ್ಲಿ ಅವರಿಗೆ ನಾಲ್ಕು ಒಳ್ಳೆಯ ಮಾತು ಬರೆಯಿರಿ. ಇಲ್ಲದಿದ್ದರೆ, ಏನಾಯಿತೆಂಬುದನ್ನು ಇದ್ದಂತೆ, ಕನ್ನಡದಲ್ಲೇ, ಅದೇ ಪುಟದಲ್ಲಿ ಬರೆಯಿರಿ. ಒಬ್ಬರು ಬರೆದರೆ ಕಸದ ಬುಟ್ಟಿಗೆ ಹೋಗಬಹುದು. ನೂರು ಜನ ಬರೆದರೆ ಬರೆಸುವವರು ಓದಲೇಬೇಕಾಗುತ್ತದೆ.

ನಮ್ಮ ಹಿರಿಯ ಚಂದಾದಾರರ ಫೋನಿಗೆ ತಾತ್ಕಾಲಿಕ ಉಪಾಯವೊಂದನ್ನು ಆ ತರುಣ ಮಿತ್ರರೇ ಮಾಡಿಕೊಟ್ಟರು. ಇಡೀ ಫೋನಿನ ಭಾಷೆಯನ್ನೇ ಕನ್ನಡಕ್ಕೆ ತಿರುಗಿಸಿ, ಅಕ್ಷರವನ್ನು ಫೋನಿನ ಮುಖ್ಯ ಸೆಟ್ಟಿಂಗಿನಲ್ಲೇ ದೊಡ್ಡದು ಮಾಡಿದರು. ಆ್ಯಪು ಈಗ ಲಾಗಿನ್ ಕೇಳುವುದನ್ನು ಬಿಟ್ಟಿಲ್ಲ. ಆದರೆ ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡದಾಗಿ ಕೇಳುತ್ತದೆ. ಅವರು ಅದನ್ನೋದಿ, "ಇಷ್ಟು ದಿನ ಏನು ಕೇಳುತ್ತಿದೆಯೆಂದೇ ತಿಳಿದಿರಲಿಲ್ಲ. ಈಗ ತಿಳಿಯಿತು, ಕೊಡುವುದಿಲ್ಲ" ಎಂದು ಫೋನನ್ನು ಜೇಬಿಗೆ ಹಾಕಿಕೊಂಡು ಬಸ್ಸಿಗೆ ಹೊರಟರು.